ಐವತ್ತನಾಲ್ಕು ಅಡಿ ಮೇಲಿನ ಗಾಳಿ

ಡಿಸೆಂಬರ್ ಏಳನೆಯ ತಾರೀಖು, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನಮ್ಮ ಊರಿನಲ್ಲಿ ನಲವತ್ತೇಳು ಗಾಳಿಚಕ್ರಗಳಿದ್ದವು. ಅವುಗಳಲ್ಲಿ ನಲವತ್ತಾರನ್ನು ಕಟ್ಟಿ ನಿಲ್ಲಿಸಲಾಗಿತ್ತು. ತಿರುಗುತ್ತಿದ್ದ ಒಂದು ನನ್ನದು.

ನಮ್ಮ ಊರಿಗೆ ಹೊರಗಿನಿಂದ ವಿದ್ಯುತ್ತಿನ ತಂತಿ ಬಂದಿಲ್ಲ. ಉತ್ತರದ ಈ ಮೂಲೆಯಲ್ಲಿ ಚಳಿಗಾಲದ ಸೂರ್ಯ ಹತ್ತು ಗಂಟೆಗೆ ಬಂದು ಎರಡು ಗಂಟೆಗೆ ಹೋಗುತ್ತಾನೆ. ಉಳಿದ ಇಪ್ಪತ್ತು ಗಂಟೆಯ ಬೆಳಕನ್ನೂ ಬಿಸಿಯನ್ನೂ ಗಾಳಿಯಿಂದಲೇ ಪಡೆಯಬೇಕು. ಪ್ರತಿ ಮನೆಯವರೂ ತಮ್ಮ ಚಕ್ರವನ್ನು ತಾವೇ ಮಾಡಿಕೊಳ್ಳುತ್ತಾರೆ. ಹಳೆಯ ಜೀಪಿನ ಚಕ್ರದ ನಡುವಿನ ಹಬ್, ಅದರ ಸುತ್ತ ಕೂರಿಸಿದ ಅಯಸ್ಕಾಂತಗಳು, ಕೈಯಲ್ಲಿ ಸುತ್ತಿದ ತಾಮ್ರದ ಸುರುಳಿಗಳು, ಪೈನ್ ಮರದಿಂದ ಕೆತ್ತಿದ ಮೂರು ರೆಕ್ಕೆಗಳು, ದಿಕ್ಕು ಹಿಡಿಯಲು ಹಿಂದೆ ತಗಡಿನ ಬಾಲ. ಹಿಮ ಅಂಟದಿರಲೆಂದು ರೆಕ್ಕೆಗಳಿಗೆ ಅಗಸೆ ಎಣ್ಣೆ ಕುಡಿಸಿ ಕಪ್ಪು ಬಳಿಯುತ್ತೇವೆ. ಚಳಿಗೆ ಬ್ಯಾಟರಿಗಳ ಶಕ್ತಿ ಅರ್ಧಕ್ಕೆ ಇಳಿಯುವುದರಿಂದ ಅವುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಉಣ್ಣೆ ಹೊದಿಸಿ, ಮನೆಯೊಳಗೆ ಇಟ್ಟುಕೊಳ್ಳುತ್ತೇವೆ. ಬ್ಯಾಟರಿ ತುಂಬಿ ಮಿಕ್ಕ ವಿದ್ಯುತ್ತು ಹಾಸಿಗೆಯ ಕೆಳಗಿನ ಕಲ್ಲಿಗೆ ಹೋಗುತ್ತದೆ. ಕಲ್ಲಿನೊಳಗೆ ತಂತಿ ಹುದುಗಿಸಿರುತ್ತೇವೆ. ಅದು ಮೆಲ್ಲಗೆ ಕಾಯುತ್ತದೆ.

ಗಾಳಿ ಬಿದ್ದಾಗ ಮಾತ್ರ ಚಕ್ರವನ್ನು ಕಟ್ಟಬೇಕು. ಗಾಳಿಯಿಲ್ಲದೆ ತಿರುಗುವ ಚಕ್ರ ಮನೆಯೊಳಗಿನ ಯಾರಾದರೊಬ್ಬರ ಉಸಿರಿನಿಂದ ತಿರುಗುತ್ತದೆ. ಇದನ್ನು ನಮ್ಮ ಊರಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿಯಬಾರದೆಂದು ಹೇಗೆ ಗೊತ್ತಿದೆಯೋ ಹಾಗೆಯೇ ಗೊತ್ತಿದೆ. ಊರಿನವರೆಲ್ಲ ಮೀಯುವ ಬಿಸಿನೀರು ಮನೆಯ ಮಾಡಿನ ಮೇಲೆ, ನೆಲದಿಂದ ಇಪ್ಪತ್ತು ಅಡಿ ಎತ್ತರಕ್ಕೆ ಒಂದು ರೇಷ್ಮೆಬಟ್ಟೆಯ ಪಟ್ಟಿ ಕಟ್ಟಿದೆ. ಅದು ಜೋತುಬಿದ್ದ ತಕ್ಷಣ ಬಟ್ಟೆ ಕಾಯುವ ಹೊನ್ನಾಜಮ್ಮ ಜಾಗಟೆ ಬಾರಿಸುತ್ತಾಳೆ. ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಓಡುತ್ತಾರೆ; ಕಂಬದ ಬುಡದ ಹಗ್ಗವನ್ನು ಎಳೆದು ಗೂಟಕ್ಕೆ ಸುತ್ತುತ್ತಾರೆ; ಮೇಲೆ ಬ್ರೇಕು ಕಚ್ಚಿಕೊಂಡು ಚಕ್ರ ನಿಲ್ಲುತ್ತದೆ. ತಡಮಾಡಬಾರದು. ಹನ್ನೆರಡು ವರ್ಷಗಳ ಹಿಂದೆ ರೊಟ್ಟಿ ಅಂಗಡಿಯ ಜವರಯ್ಯನ ಮನೆಯಲ್ಲಿ ಮರೆತಿದ್ದು ಮೂರನೆಯ ದಿನ ಕಟ್ಟಿದರು. ಹೊರಗೆ ಅವನ ತಮ್ಮ ಹಗ್ಗ ಎಳೆದ. ಒಳಗೆ ಊಟಕ್ಕೆ ಕೂತಿದ್ದ ಜವರಯ್ಯ ತಟ್ಟೆಯ ಮೇಲೆ ಕೈಯಿಟ್ಟವನು ಮತ್ತೆ ಎತ್ತಲಿಲ್ಲ.

ಇಷ್ಟು ಗೊತ್ತಿದ್ದೂ ನಾನು ಕಟ್ಟಲಿಲ್ಲ. ಕಾರಣವನ್ನು ಬರೆಯುತ್ತೇನೆ.

ನಾನು ಮೂವತ್ತಾರು ವರ್ಷ ಈ ಊರಿನ ಶಾಲೆಯಲ್ಲಿ ಗಣಿತ ಕಲಿಸಿದವನು. ಹಿಂದಿನ ಬೇಸಿಗೆಯಲ್ಲಿ ನನ್ನ ಚಕ್ರವನ್ನು ಬಿಚ್ಚಿ ಹೊಸದಾಗಿ ಕಟ್ಟಿದೆ. ಊರಿನ ಕಂಬಗಳೆಲ್ಲ ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತು ಅಡಿ. ನಾನು ನನ್ನದನ್ನು ಐವತ್ತನಾಲ್ಕು ಅಡಿಗೆ ಏರಿಸಿದೆ. ನೆಲದ ಹತ್ತಿರ ಮನೆ, ಮರ, ಬಂಡೆಗಳಿಗೆ ಉಜ್ಜಿಕೊಂಡು ಗಾಳಿ ಸೋಲುತ್ತದೆ. ಎತ್ತರಕ್ಕೆ ಹೋದಂತೆ ಅದರ ವೇಗ ಹೆಚ್ಚುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟಾಗುತ್ತದೆ. ಈ ಲೆಕ್ಕದಲ್ಲಿ ತಪ್ಪಿಲ್ಲ. ಈಗಲೂ ತಪ್ಪಿಲ್ಲ. ಇಪ್ಪತ್ತು ಅಡಿಯಲ್ಲಿ ಬಟ್ಟೆ ಬಿದ್ದಿದ್ದರೂ ಐವತ್ತನಾಲ್ಕು ಅಡಿಯಲ್ಲಿ ಗಾಳಿ ಇರಬಹುದು. ಇರಬಹುದು ಎಂಬುದನ್ನು ಇದೆ ಎಂದು ಬರೆದುಕೊಂಡೆ. ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಇನ್ನೊಂದು ಕಾರಣವೂ ಇತ್ತು. ನನ್ನ ಹೆಂಡತಿ ಚಂಪಕಳಿಗೆ ನವೆಂಬರಿನಿಂದ ಎದೆಯಲ್ಲಿ ಶೀತ ಕಟ್ಟಿತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ. ಅವಳ ಹಾಸಿಗೆಯ ಕೆಳಗಿನ ಕಲ್ಲು ತಣ್ಣಗಾಗಬಾರದು ಎಂದು ನಿಶ್ಚಯಿಸಿದ್ದೆ.

ಜಾಗಟೆ ನಿಂತ ಸ್ವಲ್ಪ ಹೊತ್ತಿಗೆ ಹೊನ್ನಾಜಮ್ಮ ನಮ್ಮ ಬೇಲಿಯ ಬಳಿ ಬಂದು ನಿಂತಳು. ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಊರಿನಲ್ಲಿ ಯಾರಿಗೂ ಅಂಜದವಳು.

"ಮೇಷ್ಟ್ರೇ, ಜಾಗಟೆ ಕೇಳಿಸ್ಲಿಲ್ವೋ, ಇಲ್ಲ ಕಿವೀಲಿ ಹಿಮ ತುಂಬ್ಕೊಂಡಿದ್ಯೋ?"

"ಕೇಳಿಸಿತು. ನಿಮ್ಮ ಬಟ್ಟೆ ಇರೋದು ಇಪ್ಪತ್ತು ಅಡಿಯಲ್ಲಿ. ನನ್ನ ಚಕ್ರ ಇರೋದು ಐವತ್ತನಾಲ್ಕು ಅಡಿಯಲ್ಲಿ."

"ಅಷ್ಟು ಮೇಲೆ ಗಾಳಿ ಇದ್ರೆ ಹೊಗೆ ಯಾಕೆ ಗೂಟ ನೆಟ್ಟ ಹಾಗೆ ನೆಟ್ಟಗೆ ಹೋಗ್ತಿದೆ?"

"ಹೊಗೆ ಬಿಸಿ. ಅದು ನೆಟ್ಟಗೇ ಏರುತ್ತೆ."

"ನಿಮ್ಮ ಹತ್ರ ಮಾತಾಡಿ ಗೆದ್ದೋರು ಯಾರಿದ್ದಾರೆ ಬಿಡಿ." ಅವಳು ತಲೆಯೆತ್ತಿ ಚಕ್ರವನ್ನು ಬಹಳ ಹೊತ್ತು ನೋಡಿದಳು. "ಎಷ್ಟು ತಿರುಗ್ತಿದೆ?"

"ನಿಮಿಷಕ್ಕೆ ಹದಿನಾರು."

"ಆಗಿಂದ್ಲೂ ಹದಿನಾರೇನಾ?"

"ಆಗಿನಿಂದಲೂ ಹದಿನಾರೇ."

"ಗಾಳಿ ಎಲ್ಲಾದ್ರೂ ಲೆಕ್ಕ ಇಟ್ಕೊಂಡು ಬೀಸುತ್ತಾ ಮೇಷ್ಟ್ರೇ?" ಎಂದಳು. ಆಮೇಲೆ ನಮ್ಮ ಬಾಗಿಲಿನ ಕಡೆ ನೋಡಿದಳು. "ಚಂಪಕಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾಳೆ."

"ಕೇಳ್ದೆ, ಅಷ್ಟೆ," ಎಂದು ಹೊರಟಳು. ಬೇಲಿಯನ್ನು ಮುಟ್ಟಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದದ್ದನ್ನು ನಾನು ನೋಡಿದೆ.

ಒಳ್ಳೆಯ ಗಾಳಿಗೆ ನನ್ನ ಚಕ್ರ ನಿಮಿಷಕ್ಕೆ ಇನ್ನೂರು ಸುತ್ತು ತಿರುಗುತ್ತದೆ. ಹದಿನಾರು ಸುತ್ತಿಗೆ ಕಲ್ಲು ಬೆಚ್ಚಗಾಗುವುದು ಯಾವ ಸೂತ್ರಕ್ಕೂ ಹೊಂದುವುದಿಲ್ಲ. ಆದರೆ ಕಲ್ಲು ಬೆಚ್ಚಗಿತ್ತು. ನಾನು ಅದನ್ನು ನನ್ನ ಸುರುಳಿಗಳ ಗುಣವೆಂದು ತಿಳಿದೆ. ಗಂಟೆಗೊಮ್ಮೆ ಕಿಟಕಿಯ ಬಳಿ ನಿಂತು, ಕೈಗಡಿಯಾರ ಹಿಡಿದು, ಸುತ್ತುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಎಚ್ಚರವಿರುವ ಹೊತ್ತಿನಲ್ಲಿ ಹದಿನಾರು. ಮಲಗಿದವನು ನಡುವೆ ಎದ್ದು ಸದ್ದು ಕೇಳಿ ಎಣಿಸಿದರೆ ಹನ್ನೆರಡು. ರಾತ್ರಿ ಹೊತ್ತು ಗಾಳಿ ತಗ್ಗುವುದು ಸಹಜವೆಂದು ಪಕ್ಕದಲ್ಲಿ ಟಿಪ್ಪಣಿ ಹಾಕಿದೆ.

ಎರಡನೆಯ ದಿನ ಹಾಲಿನವಳು ಪಾತ್ರೆಯನ್ನು ಬಾಗಿಲಿಗೆ ತರದೆ ಬೇಲಿಯ ಹೊರಗೆ ಹಿಮದ ಮೇಲೆ ಇಟ್ಟು ಹೋದಳು. ಮೂರನೆಯ ದಿನ ನಮ್ಮ ಬೀದಿಯಲ್ಲಿ ನಡೆಯುವವರು ಎದುರು ಬದಿಗೆ ಸರಿದು ನಡೆದರು. ಯಾರೂ ನಮ್ಮ ಮನೆಯ ಕಡೆ ನೋಡಲಿಲ್ಲ. ಎಲ್ಲರೂ ಚಕ್ರವನ್ನು ನೋಡಿದರು. ಊರು ತೀರ ನಿಶ್ಶಬ್ದವಾಗಿತ್ತು. ನಲವತ್ತಾರು ಚಕ್ರಗಳು ಕೈ ಕಟ್ಟಿ ನಿಂತಿದ್ದವು. ಮಾಡುಗಳ ಮೇಲಿನ ಹಿಮ ಒಂದು ಹುಡಿಯೂ ಕದಲುತ್ತಿರಲಿಲ್ಲ. ಆ ನಿಶ್ಶಬ್ದದಲ್ಲಿ ನಮ್ಮ ಚಕ್ರದ ಸದ್ದು ಮಾತ್ರ ಕೇಳಿಸುತ್ತಿತ್ತು. ಅದು ಗಾಳಿಗೆ ತಿರುಗುವಾಗಿನ ಭರಭರ ಸದ್ದಲ್ಲ. ಒಮ್ಮೆ ಎಳೆದುಕೊಂಡಂತೆ, ಒಮ್ಮೆ ಬಿಟ್ಟಂತೆ ಇತ್ತು. ಬೇರಿಂಗಿನಲ್ಲಿ ಗ್ರೀಸು ಚಳಿಗೆ ಗಟ್ಟಿಯಾಗಿರಬೇಕು ಎಂದುಕೊಂಡೆ.

ನಾಲ್ಕನೆಯ ದಿನ ಬೆಳಗ್ಗೆ ಚಂಪಕ ಅಡುಗೆಮನೆಯಿಂದ ನನ್ನನ್ನು ಕರೆದಳು.

"ರೀ, ಸ್ವಲ್ಪ ಬನ್ನಿ. ಈ ಒಲೆ ಊದಿಕೊಡಿ."

ನಲವತ್ತು ವರ್ಷದಲ್ಲಿ ಅವಳು ನನ್ನಿಂದ ಒಲೆ ಊದಿಸಿರಲಿಲ್ಲ. ಊದುಕೊಳವೆ ಅವಳ ಕೈಯಲ್ಲಿತ್ತು. ಅದರ ತುದಿಯಲ್ಲಿ ಕೆಂಡ ಕೆಂಪಾಗದೆ ಬೂದಿ ಮುಚ್ಚಿಕೊಂಡು ಕೂತಿತ್ತು.

"ಏನಾಯಿತು?"

"ಏನೂ ಇಲ್ಲ. ಊದಿದ್ದು ಕೊಳವೆಯ ಆ ಕಡೆ ಮುಟ್ಟೋದೇ ಇಲ್ಲ. ವಯಸ್ಸಾಯ್ತೇನೋ."

"ಹೋದ ವಾರ ವಯಸ್ಸಾಗಿರಲಿಲ್ಲವೇ?"

"ಹೋದ ವಾರ ನೀವು ಕೇಳಿರ್ಲಿಲ್ಲ," ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಅವಳು ಗೋಡೆ ಹಿಡಿದುಕೊಂಡಳು. ಬಾಯಲ್ಲಿದ್ದ ಲವಂಗವನ್ನು ದವಡೆಯಿಂದ ದವಡೆಗೆ ಸರಿಸಿಕೊಂಡಳು. ಎದೆ ಕಟ್ಟಿದಾಗಲೆಲ್ಲ ಅವಳು ಲವಂಗ ಇಟ್ಟುಕೊಳ್ಳುತ್ತಾಳೆ. ನಾನು ಒಲೆ ಊದಿದೆ. ಶೀತ ಇಳಿಯುವವರೆಗೆ ಬಿಸಿ ಕಲ್ಲಿನ ಮೇಲಿಂದ ಏಳಬೇಡ ಎಂದು ಹೇಳಿದೆ. ಅವಳು ಮಾತು ಕೇಳಿ ಮಲಗಿದಳು. ಹೀಗೆ ನಾನು ಅವಳನ್ನು ಅವಳದೇ ಉಸಿರಿನಿಂದ ಕಾಯಿಸಿದ ಕಲ್ಲಿನ ಮೇಲೆ ಮಲಗಿಸಿ, ಹೊದಿಕೆಯ ಅಂಚುಗಳನ್ನು ಒಳಗೆ ಸೇರಿಸಿ, ಕಿಟಕಿಯ ಬಳಿಗೆ ಹೋಗಿ ಹದಿನಾರು ಎಂದು ಬರೆದೆ.

ಡಿಸೆಂಬರ್ ಹನ್ನೆರಡನೆಯ ತಾರೀಖು, ಆರನೆಯ ದಿನ, ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ನಾನು ಎಂದಿನಂತೆ ಎಣಿಸುತ್ತಿದ್ದೆ. ಅಷ್ಟರಲ್ಲಿ ಚಕ್ರ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿತು. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತಾರು. ನನಗೆ ಸಂತೋಷವಾಯಿತು. ಗಾಳಿ ಎದ್ದಿತು ಎಂದು ಬಿಸಿನೀರು ಮನೆಯ ಕಡೆ ನೋಡಿದೆ. ರೇಷ್ಮೆಪಟ್ಟಿ ಒಣಹಾಕಿ ಮರೆತ ಕಾಲುಚೀಲದಂತೆ ಜೋತು ಬಿದ್ದಿತ್ತು. ಹಿಂದೆ ಬಾಗಿಲು ತೆರೆದ ಸದ್ದಾಯಿತು. ಚಂಪಕ ನೆಲಮನೆಯ ಮೆಟ್ಟಿಲು ಹತ್ತಿ ಬಂದಿದ್ದಳು. ಸೆರಗಿನಲ್ಲಿ ನಾಲ್ಕು ಆಲೂಗಡ್ಡೆ ಇದ್ದವು. ಬಾಗಿಲಿಗೆ ಒರಗಿ ಏದುಸಿರು ಬಿಡುತ್ತಿದ್ದಳು.

"ಮಲಗು ಅಂದಿದ್ದೆನಲ್ಲ."

"ಮಲಗಿದ್ರೆ... ಆಲೂಗಡ್ಡೆ... ತಾನಾಗಿ ಬರುತ್ತಾ?"

ಅವಳು ಕುರ್ಚಿಯಲ್ಲಿ ಕೂತಳು. ಏದುಸಿರು ಮೆಲ್ಲಗೆ ಇಳಿಯಿತು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಇಪ್ಪತ್ತೆರಡು, ಹತ್ತೊಂಬತ್ತು, ಹದಿನಾರು. ಅವಳು ಕೆಮ್ಮಿದಳು, ಮೇಲೆ ಚಕ್ರ ಬೆಚ್ಚಿದಂತೆ ಅದುರಿತು.

ಕೈಗಡಿಯಾರವನ್ನು ಮೇಜಿನ ಮೇಲೆ ಇಟ್ಟೆ.

"ಚಂಪಕ, ಒಂದು ಸಲ ಉಸಿರು ಹಿಡಿ."

"ಯಾಕ್ರೀ?"

"ಹಿಡಿ ಅಂದೆನಲ್ಲ."

ಅವಳು ನನ್ನ ಮುಖ ನೋಡಿ ತುಟಿ ಮುಚ್ಚಿದಳು. ಹೊರಗೆ ಚಕ್ರ ನಿಂತಿತು. ನಿಧಾನವಾಗಿ ನಿಲ್ಲಲಿಲ್ಲ, ಯಾರೋ ರೆಕ್ಕೆಯನ್ನು ಬೆರಳಿನಿಂದ ಹಿಡಿದಂತೆ ನಿಂತಿತು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದೆ. ಐದಕ್ಕೆ ಅವಳು ಉಸಿರು ಬಿಟ್ಟಳು. ಚಕ್ರ ಹೊರಳಿತು.

"ನೋಡಿದ್ರಾ?" ಎಂದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದಳು. "ಮೊನ್ನೆಯಿಂದ್ಲೂ ಅನ್ನಿಸ್ತಿತ್ತು."

"ಹೇಳಲಿಲ್ಲವೇಕೆ?"

"ನೀವು ಲೆಕ್ಕ ಮಾಡಿದ್ರಲ್ಲ. ನಿಮ್ಮ ಲೆಕ್ಕ ಯಾವತ್ತು ತಪ್ಪಿದೆ?"

ನಾನು ಹೊರಗೆ ಓಡಿದೆ. ಹಗ್ಗಕ್ಕೆ ಕೈ ಹಾಕಿದವನು ಜವರಯ್ಯನ ತಟ್ಟೆಯನ್ನು ನೆನೆದು ಹಗ್ಗ ಬಿಟ್ಟೆ. ಹಗ್ಗ ನನ್ನ ಕೈಯಲ್ಲಿ ಎಷ್ಟು ಹೊತ್ತಿತ್ತು ಎಂಬುದನ್ನು ನಾನು ಎಣಿಸಿಲ್ಲ. ಆದರೆ ಒಂದು ಗೇಣಿನಷ್ಟು ಎಳೆದಿದ್ದೆ ಎಂಬುದು ಗೊತ್ತು. ಇಂದಿಗೂ ಕಣ್ಣು ಮುಚ್ಚಿದರೆ ಅದೇ ಒಂದು ಗೇಣು ಹಗ್ಗ ಕಾಣುತ್ತದೆ.

ಮೌನಾಚಾರಿ ನಮ್ಮ ಊರಿನ ಕಮ್ಮಾರ. ನಲವತ್ತೇಳು ಚಕ್ರಗಳ ಹಬ್ಬುಗಳನ್ನೂ ಬೇರಿಂಗುಗಳನ್ನೂ ಅವನೇ ಕೂರಿಸಿದ್ದಾನೆ. ನನ್ನ ಶಿಷ್ಯ, ಭಿನ್ನರಾಶಿಯಲ್ಲಿ ಮೂರು ಸಲ ತಪ್ಪಿದವನು. ಅವನ ಕುಲುಮೆಯ ಮುಂದೆ ನಿಂತು ಹೇಳಿದೆ. ಅವನು ಸುತ್ತಿಗೆ ಕೆಳಗಿಟ್ಟ.

"ಎಷ್ಟು ದಿನ ಆಯ್ತು ಮೇಷ್ಟ್ರೇ?"

"ಆರನೆಯ ದಿನ."

"ಆರು ದಿನ!" ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಕಟ್ಟೋ ಹಾಗಿಲ್ಲ ಈಗ. ಕಂಬ ಮಲಗಿಸಬೇಕು. ಚಕ್ರ ಕೈಗೆ ಸಿಗಬೇಕು. ಉಸಿರು ಬಿಟ್ಟು ಎಳ್ಕೊಳ್ಳೋದ್ರೊಳಗೆ ಒಂದು ಚೂರು ಸಂದು ಇರುತ್ತಲ್ಲ, ಆ ಸಂದಿನಲ್ಲಿ ಹಿಡೀಬೇಕು. ಹಿಡಿದು ಹಿಂದಕ್ಕೆ ಒಂದು ಗೇಣು ತಳ್ಳಬೇಕು. ಆಗ ಬಿಡುತ್ತೆ."

"ಈಗಲೇ ಬಾ."

"ಬೆಳಕು ಇನ್ನರ್ಧ ಗಂಟೆ ಇಲ್ಲ. ಐವತ್ತನಾಲ್ಕು ಅಡಿ ಕಂಬ ಅದು. ಕತ್ತಲೇಲಿ ಹಗ್ಗ ಜಾರಿದ್ರೆ ಚಕ್ರ ನೆಲಕ್ಕೆ ಬಡಿಯುತ್ತೆ. ಬಡಿದ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾ?" ಕುಲುಮೆಯ ಕೆಂಡಕ್ಕೆ ಬೂದಿ ಮುಚ್ಚುತ್ತಾ ಅವನು ಕೇಳಿದ: "ಅಷ್ಟು ಎತ್ತರ ಯಾಕೆ ಮಾಡಿದ್ರಿ ಮೇಷ್ಟ್ರೇ?"

ಆ ರಾತ್ರಿಯ ಬಗ್ಗೆ ಬರೆಯುವುದಿಲ್ಲ. ಹನ್ನೆರಡು, ಹನ್ನೆರಡು, ಹನ್ನೆರಡು.

ಬೆಳಗ್ಗೆ ಹತ್ತಕ್ಕೆ ಸೂರ್ಯನ ಅಂಚು ಕಂಡಾಗ ಬೇಲಿಯ ಹೊರಗೆ ಹನ್ನೊಂದು ಜನ ಹಗ್ಗ ಹಿಡಿದು ನಿಂತಿದ್ದರು. ಇಷ್ಟು ದಿನ ಎದುರು ಬದಿಯಲ್ಲಿ ನಡೆದವರು ಅವರೇ. ಮೌನಾಚಾರಿ ಒಂದು ಕಡೆಯ ಬಿಗಿತಂತಿಯನ್ನು ಸಡಿಲಿಸಿದ. ಇನ್ನೊಂದು ಕಡೆ ಜನ ಹಗ್ಗಕ್ಕೆ ಮೈಯೊಡ್ಡಿ ನಿಂತರು. ಕಂಬ ಬಾಗತೊಡಗಿತು. ಅದು ಇಳಿದಂತೆಲ್ಲ ಚಕ್ರ ತಿರುಗುತ್ತಲೇ ಹತ್ತಿರ ಬಂತು. ಮೇಲಿದ್ದಾಗ ಅದು ಒಂದು ಅಂಕಿಯಾಗಿತ್ತು. ಈಗ ಆಳಿನ ಎದೆಯಷ್ಟು ಎತ್ತರದಲ್ಲಿ, ಆಧಾರಕ್ಕೆ ಇಟ್ಟ ನಾಲ್ಕು ಕಾಲಿನ ಮರದ ಕುದುರೆಯ ಮೇಲೆ ಕೂತು, ಎಳೆದುಕೊಳ್ಳುತ್ತಿತ್ತು, ಬಿಡುತ್ತಿತ್ತು. ಜನ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ರೆಕ್ಕೆಗಳಿಂದ ಗಾಳಿ ಬರುತ್ತಿತ್ತು. ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಆ ಗಾಳಿ ಬೆಚ್ಚಗಿತ್ತು. ಅದರಲ್ಲಿ ಲವಂಗದ ವಾಸನೆ ಇತ್ತು.

ಹೊನ್ನಾಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಖ ತಿರುಗಿಸಿದಳು. ವಾಸನೆಗೆ ಹೇಸಿ ಅಲ್ಲ. ಇನ್ನೊಬ್ಬರದನ್ನು ತಾನು ಎಳೆದುಕೊಳ್ಳಬಾರದೆಂದು.

"ನಾನು ಒಳಗೆ ಚಂಪಕಮ್ಮನ ಹತ್ರ ಇರ್ತೀನಿ," ಎಂದಳು. "ಅವರು ಬಿಟ್ಟಾಗ ಕಿಟಕಿ ತಟ್ತೀನಿ. ತಟ್ಟಿದ ತಕ್ಷಣ ಹಿಡೀರಿ. ಎಣಿಸ್ತಾ ನಿಂತೀರಾ ಜೋಕೆ."

ನಾನು ಕೈಗವಸು ತೆಗೆದೆ. ಬರಿಗೈಗೆ ಮರದ ನಡುಕ ತಿಳಿಯಬೇಕಿತ್ತು. ಕಿಟಕಿಯ ಗಾಜಿನ ಮೇಲೆ ಟಕ್ಕೆಂದು ಸದ್ದಾಯಿತು. ರೆಕ್ಕೆಯನ್ನು ಹಿಡಿದೆ. ಅದು ಒಂದು ಕ್ಷಣ ಹಸುವಿನ ಮೂತಿಯಂತೆ ನನ್ನ ಅಂಗೈಗೆ ಒತ್ತಿತು. ನಾನು ಹಿಂದಕ್ಕೆ ಒಂದು ಗೇಣು ತಳ್ಳಿದೆ. ಒತ್ತಡ ಹೋಯಿತು. ಚಕ್ರ ಬರಿಯ ಮರವಾಯಿತು. ಮನೆಯೊಳಗಿಂದ ಏನೂ ಕೇಳಿಸಲಿಲ್ಲ. ಹನ್ನೊಂದು ಜನ ನನ್ನ ಕಡೆ ನೋಡದೆ ಬಾಗಿಲಿನ ಕಡೆ ನೋಡುತ್ತಿದ್ದರು. ಆಮೇಲೆ ಕೆಮ್ಮು ಕೇಳಿಸಿತು, ಅದರ ಹಿಂದೆಯೇ ಹೊನ್ನಾಜಮ್ಮನ ದನಿ: "ಇದ್ದಾರೆ! ಬೈಯ್ತಿದ್ದಾರೆ!" ಗಂಟೆ ಹತ್ತು ಇಪ್ಪತ್ತಾಗಿತ್ತು.

ಮೌನಾಚಾರಿ ಚಕ್ರವನ್ನು ಕಟ್ಟಿದ. "ಕೊಂಡಿ ಬಿಡ್ತು ಮೇಷ್ಟ್ರೇ. ಹೋದದ್ದು ಮಾತ್ರ ತಾನಾಗಿ ಬರೋದಿಲ್ಲ. ಹೀಗೇ ಬಿಟ್ರೆ ಅವರು ಬೇಸಿಗೆ ನೋಡೋದು ಕಷ್ಟ."

"ಬರುವ ದಾರಿ?"

"ಹಿಂದಕ್ಕೆ ತಿರುಗಿಸ್ಬೇಕು. ಎಷ್ಟು ಸುತ್ತು ಹೋಗಿದ್ಯೋ ಅಷ್ಟೂ. ಅದೇ ಮನೇಲಿ ಮಲಗೋರೇ ತಿರುಗಿಸ್ಬೇಕು, ನಾವು ಮುಟ್ಟಿದ್ರೆ ಆಗೋದಿಲ್ಲ. ಸುತ್ತಿಗೊಂದು ಉಸಿರು, ತಿರುಗಿಸೋರ ಲೆಕ್ಕದಿಂದ ಹೋಗುತ್ತೆ. ಎಷ್ಟು ಹೋಗಿದೆ ಅಂತ ಯಾರಿಗೆ ಗೊತ್ತು?"

ನನಗೆ ಗೊತ್ತಿತ್ತು. ಎಚ್ಚರವಿದ್ದ ಹದಿನಾರು ಗಂಟೆಗೆ ನಿಮಿಷಕ್ಕೆ ಹದಿನಾರರಂತೆ ಹದಿನೈದು ಸಾವಿರದ ಮುನ್ನೂರ ಅರವತ್ತು. ನಿದ್ದೆಯ ಎಂಟು ಗಂಟೆಗೆ ಹನ್ನೆರಡರಂತೆ ಐದು ಸಾವಿರದ ಏಳುನೂರ ಅರವತ್ತು. ದಿನಕ್ಕೆ ಇಪ್ಪತ್ತೊಂದು ಸಾವಿರದ ನೂರ ಇಪ್ಪತ್ತು. ಆರು ದಿನಕ್ಕೆ ಒಂದು ಲಕ್ಷದ ಇಪ್ಪತ್ತಾರು ಸಾವಿರದ ಏಳುನೂರ ಇಪ್ಪತ್ತು. ಆಲೂಗಡ್ಡೆಯ ಮೆಟ್ಟಿಲು, ಕೆಮ್ಮು ಇದರಲ್ಲಿ ಸೇರಿಲ್ಲ.

ಮರುದಿನ ಬೆಳಗ್ಗೆ ಹತ್ತಕ್ಕೆ ಆರಂಭಿಸಿದೆ. ಒಂದು ನಿಮಿಷಕ್ಕೆ ಒಂಬತ್ತು ಸುತ್ತು ನನ್ನಿಂದ ಸಾಧ್ಯವಿತ್ತು. ಬೆಳಕಿರುವ ನಾಲ್ಕು ಗಂಟೆಗೆ ಎರಡು ಸಾವಿರದ ನೂರ ಅರವತ್ತು. ಹೀಗೆ ಐವತ್ತೆಂಟು ದಿನ ಪೂರ್ತಿ ಬೇಕು. ಐವತ್ತೊಂಬತ್ತನೆಯ ದಿನಕ್ಕೆ ಒಂದು ಸಾವಿರದ ನಾಲ್ಕುನೂರ ನಲವತ್ತು ಉಳಿಯುತ್ತದೆ. ನನಗೆ ಎಪ್ಪತ್ತೆರಡು ವರ್ಷ. ಅಷ್ಟು ದಿನ ನಾನು ನಿಲ್ಲುತ್ತೇನೆಯೇ ಎಂಬುದೊಂದೇ ಲೆಕ್ಕದಲ್ಲಿ ಸಿಗದ ಅಂಶ. ದನಿ ತೆಗೆದು ಎಣಿಸುತ್ತಿದ್ದೆ. ಚಳಿಯಲ್ಲಿ ಮನಸ್ಸಿನೊಳಗೆ ಎಣಿಸಿದರೆ ಅಂಕಿ ಜಾರುತ್ತದೆ. ಮೊದಲ ನೂರು ಸುತ್ತಿಗೇ ಕೂರಬೇಕಾಯಿತು. ಎದೆಯೊಳಗಿನಿಂದ ಏನನ್ನೋ ನೂಲಿನಂತೆ ಎಳೆದು ತೆಗೆದ ಹಾಗೆ. ನೋವಲ್ಲ. ನೋವಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಊರು ನಮ್ಮನ್ನು ಬಿಡಲಿಲ್ಲ. ಮೌನಾಚಾರಿ ತನ್ನ ಚಕ್ರದಿಂದ ನಮ್ಮ ಮನೆಗೆ ತಂತಿ ಎಳೆದ. ಗಾಳಿ ಮರಳಿ ಬಂದು ನಲವತ್ತಾರು ಚಕ್ರಗಳು ತಿರುಗತೊಡಗಿದಾಗ ಒಂದು ದೀಪಕ್ಕೂ ಅರ್ಧ ಕಲ್ಲಿಗೂ ಸಾಕಾಗುವಷ್ಟು ಬಂತು. ಹಾಲಿನವಳು ಮತ್ತೆ ಬಾಗಿಲಿಗೆ ಬಂದಳು. ಹೊನ್ನಾಜಮ್ಮ ದಿನವೂ ಬೇಲಿಯ ಬಳಿ ನಿಂತು, "ಎಷ್ಟಾಯ್ತು?" ಎಂದು ಕೇಳುತ್ತಿದ್ದಳು. ನಾನು ಅಂಕಿ ಹೇಳುತ್ತಿದ್ದೆ. "ಇನ್ನೂ ಲೆಕ್ಕ ಹೇಳೋಕೆ ಉಸಿರಿದೆ, ಪರವಾಗಿಲ್ಲ," ಎಂದು ಹೋಗುತ್ತಿದ್ದಳು.

ಒಂಬತ್ತನೆಯ ದಿನ ಅಡುಗೆಮನೆಯ ಹೊಗೆಗೂಡಿನಿಂದ ಒಂದು ದಪ್ಪ ಸುರುಳಿ ಎದ್ದಿತು. ಚಂಪಕ ಒಲೆ ಊದಿದ್ದಳು. ನಾನು ರೆಕ್ಕೆ ಹಿಡಿದುಕೊಂಡೇ ಅದನ್ನು ನೋಡಿದೆ, ಎಣಿಕೆ ತಪ್ಪಲಿಲ್ಲ. ಹದಿನೈದನೆಯ ದಿನ ಅವಳು ಒಬ್ಬಳೇ ನೆಲಮನೆಗೆ ಇಳಿದು ಹತ್ತಿದಳು. ಇಪ್ಪತ್ತನೆಯ ದಿನ ನನಗೆ ಹೊಸ್ತಿಲು ದಾಟಲು ಬಾಗಿಲುವಾಡ ಹಿಡಿಯಬೇಕಾಯಿತು. ಇಪ್ಪತ್ತೈದನೆಯ ದಿನ ಊಟದ ಮಧ್ಯೆ ಒಂದು ವಾಕ್ಯ ಆರಂಭಿಸಿ ಮುಗಿಸಲಾಗಲಿಲ್ಲ. ಅವಳು ಉಳಿದ ಅರ್ಧವನ್ನು ಹೇಳಿ, ಸಾರು ಬಡಿಸಿದಳು. ನನ್ನ ಮುಖವನ್ನು ನೋಡಲಿಲ್ಲ. ಅಂದಿನಿಂದ ಕಿಟಕಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರತೊಡಗಿದಳು.

ನನ್ನ ಭಯ ಈಗ ಬೇರೆಯಾಗಿತ್ತು. ಮೊದಲು ಅವಳು ಹೋಗುವಳೆಂದು ಹೆದರಿದ್ದೆ. ಈಗ ನಾನು ನಲವತ್ತನೆಯ ದಿನಕ್ಕೋ ಐವತ್ತನೆಯ ದಿನಕ್ಕೋ ಈ ಮರದ ಕುದುರೆಯ ಪಕ್ಕದಲ್ಲಿ ಬೀಳುವೆನೆಂದೂ, ಉಳಿದ ಸುತ್ತುಗಳನ್ನು ಕೊಡಲು ಆ ಮನೆಯಲ್ಲಿ ಬೇರೆ ಯಾರೂ ಮಲಗುವವರಿಲ್ಲವೆಂದೂ ಹೆದರಿದೆ. ಹಾಗಾಗಿ ವೇಗ ಹೆಚ್ಚಿಸಲು ನೋಡಿದೆ. ಆಗಲಿಲ್ಲ. ಒಂಬತ್ತು ಎಂದರೆ ಒಂಬತ್ತೇ.

ಜನವರಿ ಹನ್ನೆರಡನೆಯ ತಾರೀಖು, ಮೂವತ್ತನೆಯ ದಿನ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಆ ದಿನದ ಏಳುನೂರ ಇಪ್ಪತ್ತನೆಯ ಸುತ್ತನ್ನು ಎಣಿಸಿದೆ. ಮುಂದಿನದಕ್ಕೆ ರೆಕ್ಕೆ ಹಿಡಿಯುವಷ್ಟರಲ್ಲಿ ಇನ್ನೊಂದು ರೆಕ್ಕೆಯ ಮೇಲೆ ಚಂಪಕಳ ಕೈ ಬಿತ್ತು. ಅವಳು ಹೊರಗೆ ಬಂದದ್ದು ನನಗೆ ಕೇಳಿಸಿರಲಿಲ್ಲ. ಕಿವಿಯಲ್ಲಿ ನನ್ನದೇ ಏದುಸಿರಿತ್ತು.

"ಸಾಕು."

"ಸಾಕಲ್ಲ. ಅರವತ್ತಮೂರು ಸಾವಿರದ... ಮುನ್ನೂರ ಅರವತ್ತು... ಆಗಿದೆ."

"ಅಷ್ಟೇ ಉಳಿದಿದೆ."

ನಾನು ಅವಳನ್ನು ನೋಡಿದೆ.

"ನಲವತ್ತು ವರ್ಷ ನೀವು ಎಣಿಸೋದು ಕೇಳಿದ್ದೀನಿ. ಅರ್ಧ ಮಾಡೋಕೆ ಬರಲ್ವಾ ನನಗೆ? ಐದು ದಿನದಿಂದ ಕಿಟಕೀಲಿ ಕೂತು ಕಾಯ್ತಿದ್ದೀನಿ, ಇವತ್ತು ಈ ಸುತ್ತಿಗೆ ಅಂತ. ನನ್ನದು ಎಷ್ಟು ಹೋಗಿದ್ಯೋ ನಿಮ್ಮದೂ ಅಷ್ಟೇ ಹೋಯ್ತು. ಸಮ ಆಯ್ತು."

"ಸಾಲ ಸಮ ಆಗೋದು... ಪೂರ್ತಿ ಕೊಟ್ಟಾಗ."

"ಪೂರ್ತಿ ಕೊಟ್ಟರೆ ನಾನು ನಿಮಗಿಂತ ಒಂದು ಲಕ್ಷದ ಚಿಲ್ಲರೆ ಉಸಿರು ಹೆಚ್ಚು ಬದುಕ್ಬೇಕು. ಅಷ್ಟು ದಿನ ಈ ಮನೇಲಿ ಒಬ್ಬಳೇ ಕೂತು ಏನು ಎಣಿಸಲಿ? ಹೇಳಿ. ನೀವೇ ಲೆಕ್ಕದ ಮೇಷ್ಟ್ರು."

ಅವಳು ಸೊಂಟದಿಂದ ಹಗ್ಗ ಬಿಚ್ಚಿದಳು. ಮನೆಯಿಂದಲೇ ತಂದಿದ್ದಳು. ಮೂರು ರೆಕ್ಕೆಗಳನ್ನೂ ಸೇರಿಸಿ ಕಟ್ಟಿ, ಒಂದರ ಮೇಲೊಂದು ಮೂರು ಗಂಟು ಹಾಕಿ, ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದಳು. ಆಮೇಲೆ ಬಾಯಲ್ಲಿದ್ದ ಲವಂಗವನ್ನು ಉಗುಳಿ, ಸೆರಗಿನ ತುದಿಯಿಂದ ಇನ್ನೆರಡು ತೆಗೆದು, ಒಂದನ್ನು ನನ್ನ ಬಾಯಿಗೆ ಹಾಕಿದಳು.

"ಒಳಗೆ ಬನ್ನಿ. ಹೊನ್ನಾಜಮ್ಮ ನೋಡ್ತಿದ್ದಾಳೆ."

ಹೊನ್ನಾಜಮ್ಮ ನಿಜವಾಗಿಯೂ ಬೇಲಿಯ ಬಳಿ ನಿಂತಿದ್ದಳು. ಅಂದು ಮಾತ್ರ, ಎಷ್ಟಾಯಿತೆಂದು ಕೇಳಲಿಲ್ಲ.

ಇದಾಗಿ ನಾಲ್ಕು ಚಳಿಗಾಲ ಕಳೆದಿವೆ. ಈಗ ನನ್ನ ಕಂಬ ಇಪ್ಪತ್ತು ಅಡಿ. ರೇಷ್ಮೆಪಟ್ಟಿಯ ಎತ್ತರಕ್ಕೆ ಸರಿಯಾಗಿ. ಮೂವತ್ತನಾಲ್ಕು ಅಡಿ ಪೈಪನ್ನು ಕೊಯ್ದು ಮೌನಾಚಾರಿಗೆ ಕೊಟ್ಟೆ. ನಾನು ಜಾಗಟೆಗೆ ಕಾಯುವುದಿಲ್ಲ. ಹೊಗೆ ನೆಟ್ಟಗಾಗುವುದು ಕಂಡರೆ ಸಾಕು, ಹಗ್ಗ ಎಳೆಯುತ್ತೇನೆ. ಎಳೆದ ಮೇಲೆ ಒಳಗೆ ಬಂದು ಅವಳ ಮೂಗಿನ ಮುಂದೆ ಅಂಗೈ ಹಿಡಿಯುತ್ತೇನೆ. ಅವಳು ನಿದ್ದೆಯಲ್ಲಿದ್ದರೂ ಹಿಡಿಯುತ್ತೇನೆ. ಅಂಗೈಗೆ ಬಿಸಿ ತಗಲುವವರೆಗೆ ನಾನು ಉಸಿರಾಡುವುದಿಲ್ಲ. ಗಾಳಿಯಿಲ್ಲದ ದಿನಗಳಲ್ಲಿ ಕಟ್ಟಿದ ಚಕ್ರ ಹಗ್ಗದೊಳಗೆ ಸಣ್ಣಗೆ ಕಿರುಗುಟ್ಟುತ್ತದೆ. ಚಳಿಗೆ ಮರ ಸಂಕುಚಿಸುವುದರಿಂದ ಹಾಗಾಗುತ್ತದೆ ಎಂಬ ವಿವರಣೆ ನನಗೆ ಗೊತ್ತಿದೆ. ಆದರೂ ಎದ್ದು ಹೋಗಿ ಗಂಟು ನೋಡಿ ಬರುತ್ತೇನೆ.

ಬಿಸಿನೀರು ಮನೆಗೆ ಮೂವತ್ತೊಂದು ಮೆಟ್ಟಿಲುಗಳಿವೆ. ಹದಿನಾಲ್ಕನೆಯ ಮೆಟ್ಟಿಲಿನಲ್ಲಿ ಅವಳು ನಿಲ್ಲುತ್ತಾಳೆ. ನಾನೂ ಅಲ್ಲಿಯೇ ನಿಲ್ಲುತ್ತೇನೆ. ಬೇಕೆಂದು ನಿಲ್ಲುವುದಲ್ಲ, ಮುಂದಿನ ಮೆಟ್ಟಿಲಿಗೆ ಬೇಕಾದ ಉಸಿರು ಇಬ್ಬರಲ್ಲೂ ಇರುವುದಿಲ್ಲ. ಬಾಕಿ ಅರವತ್ತಮೂರು ಸಾವಿರದ ಮುನ್ನೂರ ಅರವತ್ತು ಹಾಗೆಯೇ ಇದೆ. ನಾನು ಮರೆತಿಲ್ಲ. ನಾನು ಅದನ್ನು ತೀರಿಸಲು ಹೋದರೆ ಮತ್ತೆ ಕಟ್ಟಲೆಂದು, ಮೂರು ಗಂಟಿನ ಆ ಹಗ್ಗವನ್ನು ಅವಳು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ.